ಹೊಲದ ಮೇಲೆ ತಗಡು



ಚಾಂಪಿಯನ್ ರೀಫ್ಸಿನ ಈ ದತ್ತಿ ಸಭೆಯಲ್ಲಿ ಬೇಸಾಯದ ಜಮೀನಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಇಲ್ಲಿನ ಕಾರ್ಯದರ್ಶಿಗಳು ನಕ್ಕರು. "ಗಣಿಯ ಸೈನೈಡ್ ದಿಬ್ಬ ಬಿಟ್ಟರೆ ಇಲ್ಲಿ ಹೊಲ ಎಲ್ಲಿದೆ ಸಾರ್?" ಅಂದರು. ನಿಜವೇ. ಆದರೆ ಇಲ್ಲಿ ಕೂತವರಲ್ಲಿ ಎಷ್ಟೋ ಜನ ನಸುಕಿಗೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು. 2001ರ ಫೆಬ್ರವರಿ 28ಕ್ಕೆ ಇಲ್ಲಿನ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಅನ್ನ ಆ ರೈಲಿನಲ್ಲೇ ಬರುತ್ತಿದೆ. ಊರಿಗಾಂ, ಕೋರಮಂಡಲ್, ಬಂಗಾರಪೇಟೆ ಆಗಿ ಟೇಕಲ್ ದಾಟಿದ ಮೇಲೆ ಒಮ್ಮೆ ಕಿಟಕಿಯಾಚೆ ನೋಡಿ. ನಾನು ನೋಡಲು ಶುರು ಮಾಡಿದಾಗ ರಾಗಿ, ಹಿಪ್ಪುನೇರಳೆ, ಟೊಮೆಟೊ ಕಡ್ಡಿಗಳ ಸಾಲು ಕಾಣುತ್ತಿತ್ತು. ಈಗ ಮಾಲೂರಿನಿಂದ ಹೊಸಕೋಟೆ ಕಡೆಗೆ ಎಲ್ಲಿ ನೋಡಿದರೂ ನೀಲಿ, ಬೂದು ತಗಡಿನ ಗೋಡೌನುಗಳು. ನಾವು ಫೋನಿನಲ್ಲಿ ಬೆರಳಿಟ್ಟು ತರಿಸುವ ಚಪ್ಪಲಿ, ಮಿಕ್ಸಿಗಳು ಬಂದು ತಂಗುವುದು ಅಲ್ಲೇ. ಹಾಗಾಗಿ ಹೊಲ ಹೋಗುತ್ತಿದೆ ಎನ್ನುವ ಈ ದೂರಿನಲ್ಲಿ ನನ್ನ ಪಾಲೂ ಇದೆ.

ಹೊಸಕೋಟೆಯಿಂದ ಹೊರಟ 262 ಕಿಲೋಮೀಟರ್ ಉದ್ದದ ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಬೇತಮಂಗಲದ ಪಕ್ಕದಲ್ಲೇ ಹಾದುಹೋಗಿದೆ. ಮಾಲೂರಿಗೆ ಬಂದದ್ದು ಇಲ್ಲಿಗೆ ಬರಲು ಇನ್ನು ದಾರಿ ಕಾಯಬೇಕಾಗಿಲ್ಲ.

ಗೋಡೌನು ಹೊಗೆ ಬಿಡುವುದಿಲ್ಲ, ವಿಷ ಉಗುಳುವುದಿಲ್ಲ, ಅದರಿಂದ ಏನು ತೊಂದರೆ ಅನ್ನುವವರಿದ್ದಾರೆ. ಒಂದು ಲೆಕ್ಕ ಹೇಳುತ್ತೇನೆ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಹತ್ತು ಸೆಂಟಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಬದು ಕಟ್ಟಿದ, ರಾಗಿಯ ನಡುವೆ ಅವರೆ ತೊಗರಿಯ ಅಕ್ಕಡಿ ಸಾಲು ಬಿಟ್ಟ ಹೊಲ ಅದರಲ್ಲಿ ಬಹುಪಾಲನ್ನು ಕುಡಿಯುತ್ತದೆ, ಮಿಕ್ಕದ್ದನ್ನು ಮೆಲ್ಲಗೆ ಕಾಲುವೆಗೆ ಬಿಡುತ್ತದೆ. ತಗಡೂ ಕಾಂಕ್ರೀಟ್ ಅಂಗಳವೂ ಹೆಚ್ಚುಕಡಿಮೆ ಅಷ್ಟನ್ನೂ ಒಂದೇ ಏಟಿಗೆ ಹೊರಗೆ ದಬ್ಬುತ್ತವೆ. ಹತ್ತೆಕರೆ ಗೋಡೌನಿಗೆ ನಲವತ್ತು ಲಕ್ಷ ಲೀಟರ್. ಲಾರಿ ತಿರುಗಲೆಂದು ರಾಜಕಾಲುವೆಯ ಮೇಲೂ ಮಣ್ಣು ಹಾಕಿದ್ದರೆ ಆ ನೀರು ಕೆರೆಯ ದಾರಿ ಬಿಟ್ಟು ಪಕ್ಕದವರ ಬೆಳೆಗೆ ನುಗ್ಗುತ್ತದೆ. ಒಂದರ ಕೋಡಿ ಇನ್ನೊಂದಕ್ಕೆ ತುಂಬುವ ಹಾಗೆ ಕಟ್ಟಿದ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ಜಿಲ್ಲೆ ನಮ್ಮದು. ಪಾಲಾರಿಗೆ ಅಡ್ಡ ಕಟ್ಟಿದ ಬೇತಮಂಗಲದ ಕೆರೆ ಗಣಿಯೂರಿಗೆಲ್ಲ ನೀರು ಕುಡಿಸಿತು. ಅಂತರ್ಜಲ ಪಾತಾಳಕ್ಕಿಳಿದ ಮೇಲೆ, 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗೆ ತುಂಬಿಸಿಕೊಳ್ಳುತ್ತಿದ್ದೇವೆ. ಅಂಥವರು ಮಳೆ ನೀರನ್ನು ಹೀಗೆ ಕಳೆದುಕೊಳ್ಳಬಹುದೇ?

ಇನ್ನು ಕಾನೂನು. 1961ರ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಬೇಸಾಯಗಾರರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದವು. ಆ ಬೇಲಿಯಲ್ಲಿ ನುಸುಳುಗಂಡಿಗಳು ಬೇಕಾದಷ್ಟಿದ್ದವು, ಲಂಚಕ್ಕೂ ಅದೇ ದಾರಿಯಾಗಿತ್ತು, ಒಪ್ಪುತ್ತೇನೆ. 2020ರಲ್ಲಿ ಬೇಲಿಯನ್ನೇ ಕಿತ್ತರು. ಈಗ ಉಳಿದಿರುವ ಮುಖ್ಯ ಬಾಗಿಲು ಭೂ ಕಂದಾಯ ಕಾಯ್ದೆಯ 95ನೇ ಕಲಂ, ಅಂದರೆ ಹೊಲವನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿ ಕೊಡುವ ಅನುಮತಿ, ನಾವು ಡಿಸಿ ಕನ್ವರ್ಷನ್ ಅನ್ನುವುದು.

ಜನ ಒಟ್ಟಾಗಿ ಹೊಲ ಉಳಿಸಿಕೊಂಡದ್ದೂ ಉಂಟು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ ನೆನಪಿಸಿಕೊಳ್ಳಿ. 13 ಹಳ್ಳಿಗಳ 1,777 ಎಕರೆ ತೆಗೆದುಕೊಳ್ಳುತ್ತೇವೆ ಎಂದು ಸರ್ಕಾರ ಹೊರಟಿತು. ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳೇ ಸ್ವಾಧೀನ ಕೈಬಿಟ್ಟೆವು ಎಂದರು. ಅಲ್ಲಿ ಅಧಿಸೂಚನೆ ಅನ್ನುವ ಒಂದು ಕಾಗದವಿತ್ತು. ಅದನ್ನು ಹಿಡಿದುಕೊಂಡು ಹದಿಮೂರು ಹಳ್ಳಿ ಒಟ್ಟಾದವು. ಗೋಡೌನು ಹಾಗೆ ಬರುವುದಿಲ್ಲ. ಇವತ್ತು ಒಬ್ಬರು ಮಗಳ ಮದುವೆಗೆ ಎರಡೆಕರೆ ಮಾರುತ್ತಾರೆ, ಮುಂದಿನ ವರ್ಷ ಪಕ್ಕದವರು ಸಾಲಕ್ಕೆ ಮೂರೆಕರೆ. ಮಾರಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಟೊಮೆಟೊ ರಸ್ತೆಗೆ ಸುರಿಯುವ ವರ್ಷ ನೋಡಿದ್ದೇನೆ. ಆದರೆ ಹೀಗೆ ಚಿಲ್ಲರೆಯಾಗಿ ಹೋಗುವ ಜಮೀನಿಗಾಗಿ ಯಾರ ಬಾಗಿಲಲ್ಲಿ ಧರಣಿ ಕೂರುವುದು?

ಇಡೀ ಜಿಲ್ಲೆಯನ್ನು ಒಟ್ಟಿಗೆ ನೋಡುವವರು ಇರಲಿ ಎಂದೇ ಸಂವಿಧಾನದ 243ಝಡ್‌ಡಿ ವಿಧಿ ಜಿಲ್ಲಾ ಯೋಜನಾ ಸಮಿತಿಯನ್ನು ಕೊಟ್ಟಿದೆ. ಎಲ್ಲಿ ಉಳುಮೆ, ಎಲ್ಲಿ ಕಟ್ಟಡ, ನೀರು ಹೇಗೆ ಹಂಚಬೇಕು ಎಂದು ಕೂತು ಯೋಚಿಸುವ ಜಾಗ ಅದು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ, ನಗರಸಭೆಗಳಲ್ಲಿ ಗೆದ್ದವರೇ ಆಗಿರಬೇಕು. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು 243ಇ ವಿಧಿ ಹೇಳುತ್ತದೆ. ಆದದ್ದೇ ಬೇರೆ. ಕ್ಷೇತ್ರದ ಗಡಿ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಹೊಸದೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ ಪಟ್ಟಿಯ ತಕರಾರು, ಆಮೇಲೆ ಕೋರ್ಟು. 2022ರ ಡಿಸೆಂಬರಿನಲ್ಲಿ ಹೈಕೋರ್ಟು ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಯಾವ ಪಕ್ಷದ ಸರ್ಕಾರ ಬಂದರೂ 2025 ಮುಗಿಯುವವರೆಗೆ ಆ ಕುರ್ಚಿಗಳು ಖಾಲಿಯೇ ಇದ್ದವು. ಇಷ್ಟರಲ್ಲಿ ಒಂದು ತಮಾಷೆ ನೋಡಿ: ಕನ್ವರ್ಷನ್ನಿಗೆ ಸಹಿ ಹಾಕುವ ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ. ಒಂದು ಫೈಲು ಓಡುತ್ತದೆ, ಇನ್ನೊಂದು ಮೇಲಿನ ಆದೇಶಕ್ಕೆ ಕಾಯುತ್ತದೆ.

ಗ್ರಾಮ ಪಂಚಾಯಿತಿಗೆ 2020ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತಲ್ಲ ಅನ್ನಬಹುದು. ನಡೆಯಿತು. ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರವೂ ಅದಕ್ಕಿದೆ. ಆದರೆ ಕನ್ವರ್ಷನ್ ಆಗಿ, ಕಾಂಪೌಂಡು ಎದ್ದು, ಗೋಡೌನಿನ ಕಂದಾಯದ ಆಸೆ ಹುಟ್ಟಿದ ಮೇಲೆ ಬೇಡ ಅನ್ನುವ ಸದಸ್ಯರು ಎಷ್ಟು ಮಂದಿ?

ತಗಡು ಹಾಕಲೇಬೇಕಿದ್ದರೆ ಜಾಗಕ್ಕೇನು ಬರ. ಮುಚ್ಚಿದ ಗಣಿ ಕಂಪನಿ ಬಿಜಿಎಂಎಲ್‌ನ ಹೆಚ್ಚುವರಿ ಜಮೀನಿನಲ್ಲಿ ಕೈಗಾರಿಕಾ ಪಾರ್ಕ್ ಮಾಡುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ರಾಗಿ ಬೆಳೆಯದ ನೆಲ ಅಲ್ಲಿದೆ, ಪಕ್ಕದಲ್ಲೇ ರೈಲು ಹಳಿ ಇದೆ, ಕೆಲಸ ಕೇಳುವ ಕೈಗಳು ಈ ಸಭೆಯಲ್ಲೇ ಇವೆ. ಅದು ಮಾತಿನಲ್ಲೇ ಇದೆ, ಹೊಲಗಳು ಮಾತ್ರ ಹೋಗುತ್ತಿವೆ.

ಹೋದ ಸುಗ್ಗಿಯಲ್ಲಿ ಬೇತಮಂಗಲದ ಕಡೆ ಒಬ್ಬ ಹಿರಿಯರ ಕಣದಲ್ಲಿ ಕೂತಿದ್ದೆ. ಪಕ್ಕದ ಹೊಲದಲ್ಲಿ ಜೆಸಿಬಿ ಬದು ಕಿತ್ತುಹಾಕುತ್ತಿತ್ತು. ನಿಮ್ಮ ಜಿಲ್ಲಾ ಪಂಚಾಯಿತಿ ಮೆಂಬರ್ ಯಾರು ಅಂತ ಕೇಳಿದೆ. ಅವರು ಮೊರದಲ್ಲಿ ರಾಗಿ ಕೇರುತ್ತಿದ್ದ ಹುಡುಗಿಯ ಕಡೆ ತಿರುಗಿ ನೋಡಿದರು.

"ಅದುಕ್ಕೆ ಓಟು ಹಾಕ್ದಾಗ ಇವಳು ಹುಟ್ಟೇ ಇರ್ಲಿಲ್ಲ ಸಾರ್. ಈಗ ನಾಕ್ನೇ ಕ್ಲಾಸು."