ಕಾವು ಮತ್ತು ಕಾವಲು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಅಂಬಲಮುಗಳಿನಲ್ಲಿ 1966ರಿಂದ ತೈಲ ಶುದ್ಧೀಕರಣ ನಡೆದಿದೆ. ಕಚ್ಚಾ ತೈಲವನ್ನು ಬೇರ್ಪಡಿಸಲು ಸುಮಾರು 350 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸುತ್ತಾರೆ. ದೊಡ್ಡ ಅಣುಗಳನ್ನು ಒಡೆಯಲು ಸುಮಾರು 500 ಡಿಗ್ರಿ ಬೇಕು. ನಮಗೆ ಇದೇ ಬಹಳವೆನಿಸುತ್ತದೆ. ಸೂರ್ಯನ ಗರ್ಭದಲ್ಲಿಯಾದರೋ ಸುಮಾರು ಒಂದೂವರೆ ಕೋಟಿ ಡಿಗ್ರಿ! ಆದರೂ ಸೂರ್ಯನು 460 ಕೋಟಿ ವರ್ಷಗಳಿಂದ ಸಿಡಿಯದೆ ಬೆಳಗುತ್ತಿದ್ದಾನೆ. ಇಲ್ಲಿಯ ಒಂದು ಪಾತ್ರೆಯೋ ಒಂದೇ ರಾತ್ರಿಯಲ್ಲಿ ಕೈಮೀರಬಹುದು. ಇದೇಕೆ ಎಂಬುದನ್ನು ಇಂದು ವಿಚಾರ ಮಾಡೋಣ.

ಸೂರ್ಯನಲ್ಲಿ ನಡೆಯುವುದು ಸೌದೆಯ ಉರಿಯಂಥದಲ್ಲ. ಅಲ್ಲಿ ಜಲಜನಕದ ಪರಮಾಣು ಬೀಜಗಳು ಕೂಡಿ ಹೀಲಿಯಂ ಆಗುತ್ತದೆ. ಗರ್ಭದ ಕಾವು ಕೊಂಚ ಏರಿದರೆ ಅನಿಲ ಹಿಗ್ಗುತ್ತದೆ. ಹಿಗ್ಗಿದೊಡನೆ ತಣಿದು ಕ್ರಿಯೆ ಮಂದವಾಗುತ್ತದೆ. ಹೆಚ್ಚು ತಣಿದರೆ ತನ್ನ ಭಾರದಿಂದಲೇ ಕುಗ್ಗಿ ಮತ್ತೆ ಕಾಯುತ್ತದೆ. ಹೀಗೆ ನಕ್ಷತ್ರವು ತನ್ನ ಕಾವನ್ನು ತಾನೇ ಹದದಲ್ಲಿಟ್ಟುಕೊಳ್ಳುತ್ತದೆ.

ಮುಚ್ಚಿದ ಪಾತ್ರೆಗೆ ಈ ಅನುಕೂಲವಿಲ್ಲ. ಮಡಿಕೇರಿಯ ಚಳಿಯಲ್ಲಿ ನಿಧಾನವಾಗಿ ಉಬ್ಬುವ ದೋಸೆಹಿಟ್ಟು ಕೊಚ್ಚಿಯ ಸೆಕೆಯಲ್ಲಿ ಬೇಗನೆ ಹುಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಕಾವಿಗೂ ಕ್ರಿಯೆಯ ವೇಗಕ್ಕೂ ಇರುವ ಲೆಕ್ಕವನ್ನು ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿ ವಿವರಿಸಿದರು. ಸ್ಥೂಲವಾಗಿ, ಅನೇಕ ಕ್ರಿಯೆಗಳ ವೇಗ 10 ಡಿಗ್ರಿಗೆ ಇಮ್ಮಡಿಯಾಗುತ್ತದೆ. 50 ಡಿಗ್ರಿ ಏರಿದರೆ ಐದು ಸಲ ಇಮ್ಮಡಿ, ಅಂದರೆ 32 ಪಟ್ಟು! ಕ್ರಿಯೆಯೇ ಶಾಖ ಬಿಡುವಂಥದಾದರೆ ಆ ಶಾಖ ವೇಗವನ್ನೂ, ವೇಗ ಶಾಖವನ್ನೂ ಹೆಚ್ಚಿಸುತ್ತವೆ. ಪಾತ್ರೆಯ ಗೋಡೆಯಿಂದ ಹೊರಹೋಗುವ ಶಾಖ ಅಷ್ಟು ಬೇಗ ಹೆಚ್ಚುವುದಿಲ್ಲ.

1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಆದದ್ದು ಇದೇ. ಮೀಥೈಲ್ ಐಸೋಸಯನೇಟ್ ತುಂಬಿದ್ದ ತೊಟ್ಟಿಗೆ ನೀರು ಸೇರಿತು, ಕಾವೇರಿತು. ತಣಿಸುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು.

ಆದುದರಿಂದ ಬಂಧುಗಳೇ, ಶಾಖಮಾಪಕದ ಮುಳ್ಳು ಏರುವುದನ್ನು ಕಂಡವರು ಪಾಳಿ ಮುಗಿಯಲೆಂದು ಕಾಯದೆ ಕೂಡಲೇ ತಿಳಿಸಬೇಕು. ದಾಖಲೆ ಬರೆಯುವ ಗುಮಾಸ್ತರು ನಿನ್ನೆಯ ಅಂಕಿಯನ್ನೇ ಇಂದೂ ತುಂಬಬಾರದು. ತಣಿಸುವ ಯಂತ್ರ ನಿಂತಿದ್ದರೆ ಏಕೆಂದು ಕೇಳುವ ಹಕ್ಕು ಅದರ ಪಕ್ಕದಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ಇದೆ. ಸೂರ್ಯನನ್ನು ಯಾರೂ ಕಾಯಬೇಕಾಗಿಲ್ಲ. ಪಾತ್ರೆಯನ್ನು ನಾವೇ ಕಾಯಬೇಕು.