ಮಗು ಆಡಲಿ, ನಾವು ಹತ್ತಿರ ಕೂರೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲಾ ಕಡೆಯಿಂದ ಬಂದಿದ್ದೀರಿ. ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಮಕ್ಕಳ ವಿಷಯ ಮಾತಾಡೋಣ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಏಳು ವರ್ಷದ ಹುಡುಗಿಯ ತಂದೆ ತೀರಿಕೊಂಡರು. "ಅಪ್ಪ ಗೋವಾಕ್ಕೆ ಕೆಲಸಕ್ಕೆ ಹೋಗಿದ್ದಾನೆ" ಅಂತ ಮನೆಯವರು ಮಗುವಿಗೆ ಹೇಳಿದ್ದರು. ಹುಡುಗಿ ಶಾಲೆಯಲ್ಲಿ ಮಾತು ಬಿಟ್ಟಳು. ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ದೃಷ್ಟಿ ತೆಗೆಸಿದ್ದೂ ಆಯಿತು. ಕಲಿತವರು ಅನ್ನಿಸಿಕೊಂಡ ನಾವೂ ಹೋಗಿ ಮೊದಲು ತಪ್ಪನ್ನೇ ಮಾಡಿದೆವು. "ಏನಾಯ್ತು ಹೇಳು ಪುಟ್ಟಿ" ಅಂತ ಕೇಳಿದ್ದೇ ಕೇಳಿದ್ದು. ಅವಳು ತಲೆ ಎತ್ತಲಿಲ್ಲ.

ಆಮೇಲೆ ಪ್ರಶ್ನೆ ಬಿಟ್ಟೆವು. ವಾರಕ್ಕೊಂದು ದಿನ, ಅದೇ ಚಾಪೆ, ಅದೇ ಹೊತ್ತು, ಮುಕ್ಕಾಲು ಗಂಟೆ. ಮರಳು, ಜೇಡಿಮಣ್ಣು, ಬಟ್ಟೆಯ ಗೊಂಬೆಗಳು, ಅಡಿಗೆ ಆಟದ ಪಾತ್ರೆ ಇಟ್ಟು ಸುಮ್ಮನೆ ಕೂತೆವು. ಅವಳು ಒಂದು ಗೊಂಬೆಯನ್ನು ಮರಳಲ್ಲಿ ಹುಗಿಯುವಳು, ತೆಗೆಯುವಳು, ಮತ್ತೆ ಹುಗಿಯುವಳು. "ಅಪಶಕುನ, ಬಿಡಿಸ್ರಿ ಸಿಸ್ಟರ್" ಅಂದರು ಅಜ್ಜಿ. ನಾವು ಬಿಡಿಸಲಿಲ್ಲ. "ಗೊಂಬೆ ಒಳಗೆ ಹೋಯ್ತು, ಈಗ ಹೊರಗೆ ಬಂತು" ಅಂತ ಕಂಡಷ್ಟನ್ನೇ ಹೇಳಿದೆವು. ಆರನೇ ವಾರ ಅವಳೇ ಕೇಳಿದಳು: "ಅಪ್ಪ ಗೋವಾದಲ್ಲಿ ಇಲ್ಲ, ಅಲ್ವಾ?"

ಅವಳಿಗೆ ಗೊತ್ತಿತ್ತು. ದೊಡ್ಡವರು ಮುಚ್ಚಿಟ್ಟದ್ದನ್ನು ಒಬ್ಬಳೇ ಹೊತ್ತಿದ್ದಳು. ಅವತ್ತು ಸಂಜೆ ತಾಯಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳಿದರು. ಇಬ್ಬರೂ ಅತ್ತರು. ಹಾಸಿಗೆ ಒದ್ದೆಯಾಗುವುದು ಕೂಡಲೇ ನಿಲ್ಲಲಿಲ್ಲ, ತಿಂಗಳುಗಳೇ ಬೇಕಾದವು.

ಇದಕ್ಕೆ ಆಟದ ಚಿಕಿತ್ಸೆ ಅನ್ನುತ್ತಾರೆ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಇದರ ಬಗ್ಗೆ ಪುಸ್ತಕ ಬರೆದರು. ಮಗು ಮುಂದೆ, ದೊಡ್ಡವರು ಹಿಂದೆ ಎಂಬುದು ಅವರ ಕ್ರಮ. 2004ರ ಸುನಾಮಿಯ ನಂತರ ಬೆಂಗಳೂರಿನ ನಿಮ್ಹಾನ್ಸ್‌ನವರು ಅಂಡಮಾನಿನ ಮಕ್ಕಳ ಜೊತೆ ಚಿತ್ರ, ಆಟ, ಕಥೆಗಳ ಮೂಲಕ ಕೆಲಸ ಮಾಡಿದರು. ನಮ್ಮ ಜಿಲ್ಲೆಯಲ್ಲೇ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಗಂಗಾವಳಿಯ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಇಂಥ ಹೊತ್ತಿನಲ್ಲಿ ಅಕ್ಕಿ, ಬಟ್ಟೆ ಎಲ್ಲರಿಗೂ ನೆನಪಾಗುತ್ತದೆ. ಮಗುವಿಗೊಂದು ಗೊಂಬೆ ಬೇಕು ಅನ್ನುವುದು ಎಷ್ಟು ಜನರಿಗೆ ನೆನಪಾದೀತು?

ದೊಡ್ಡ ಆಪತ್ತೇ ಬರಬೇಕೆಂದಿಲ್ಲ. ದಿನಾ ಕುಡಿದು ಬಂದು ಹೊಡೆಯುವ ಮನೆಯ ಮಗುವೂ ಹೆದರಿಯೇ ಮಲಗುತ್ತದೆ. ಅದು ಆಟದಲ್ಲಿ ಗೊಂಬೆಗೆ ಹೊಡೆದರೆ ಬೈಯಬೇಡಿ. "ಗೊಂಬೆಗೆ ನೋವಾಯ್ತು" ಅನ್ನಿ, ಸಾಕು. ನಮ್ಮಲ್ಲಿ ಕೊಂಕಣಿ, ಮರಾಠಿ, ಲಂಬಾಣಿ ಮಾತಾಡುವ ಮನೆಗಳಿವೆ. ಶಾಲೆಯ ಕನ್ನಡದಲ್ಲಿ ದುಃಖ ಹೇಳಲು ಬಾರದ ಮಗುವಿಗೂ ಆಡಲು ಬರುತ್ತದೆ.

ಆದರೆ ನಾವು ಚಾಪೆ ಹಾಸಿ ಕೂತ ಮಾತ್ರಕ್ಕೆ ಅದು ಪೂರ್ತಿ ಚಿಕಿತ್ಸೆ ಆಗುವುದಿಲ್ಲ. ಮಗು ತನಗೇ ನೋವು ಮಾಡಿಕೊಂಡರೆ, ಊಟ-ನಿದ್ದೆ ಬಿಟ್ಟರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಣ ಬೀಳದು. ಯಾರೋ ಮಗುವಿನ ಮೈಮೇಲೆ ಕೈ ಹಾಕಿದ್ದಾರೆಂಬ ಸಂಶಯ ಬಂದರೆ ಮಗುವನ್ನು ಕೆದಕಿ ಕೇಳಬೇಡಿ, 1098ಕ್ಕೆ ತಿಳಿಸಿ. 2012ರ ಪೋಕ್ಸೋ ಕಾನೂನಿನ ಪ್ರಕಾರ ಗೊತ್ತಿದ್ದೂ ಮುಚ್ಚಿಡುವುದು ಅಪರಾಧ. ಮನೆ ಮರ್ಯಾದೆ ಅಂತ ಸುಮ್ಮನಿರಬೇಡ್ರಿ.

ಮುಂದಿನ ಸಭೆಗೆ ಎಲ್ಲರೂ ಹಳೆ ಸೀರೆ, ರವಿಕೆಯ ತುಂಡು, ಸೂಜಿ-ದಾರ ತನ್ನಿ. ಕೌದಿ ಹೊಲಿಯುವ ನಮ್ಮ ಸಿದ್ದಿ ಅಕ್ಕಂದಿರು ಗೊಂಬೆ ಹೊಲಿಯಲು ಕಲಿಸಿಕೊಡುತ್ತಾರೆ. ಪ್ರತಿ ಸಂಘಕ್ಕೂ ಒಂದು ಆಟದ ಪೆಟ್ಟಿಗೆ ಮಾಡೋಣ.