ಹೊರದೇಶದ ತೀರ್ಪಿಗೆ ನಮ್ಮ ಕಾನೂನಿನಲ್ಲಿ ಜಾಗವೆಲ್ಲಿ?



ಈ ದತ್ತಿ ಉಪನ್ಯಾಸ ಯಾರ ನೆನಪಿಗೆ ನಡೆಯುತ್ತಿದೆಯೋ ಅವರ ಕಚೇರಿಯಲ್ಲಿ ನಾನು ಎರಡು ವರ್ಷ ಕಡತ ಹೊತ್ತಿದ್ದೇನೆ. ಮೊದಲ ವಾದ ಮುಗಿಸಿ ಬೀಗುತ್ತ ಹೊರಬಂದಾಗ ಅವರು ಕೇಳಿದ್ದು ಒಂದೇ ಮಾತು: “ಕಲಂ ಓದಿದೆ ಸರಿ, ಅದರ ಕೆಳಗಿನ ವಿವರಣೆ ಓದಿದೆಯೇನಪ್ಪ?” ಇವತ್ತಿನ ಉಪನ್ಯಾಸವೆಲ್ಲ ಅಂಥದೇ ಒಂದು ವಿವರಣೆಯ ಮೇಲೆ ನಿಂತಿದೆ.

ಸಂಘಟಿತ ಅಪರಾಧವೆಂದರೇನು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ; ತಾರೀಖುಗಳನ್ನಷ್ಟೇ ನೆನಪಿಸಿ ಮುಂದೆ ಹೋಗುತ್ತೇನೆ. ಮಹಾರಾಷ್ಟ್ರದ ಮೋಕಾ 1999ರದು, ನಮ್ಮ ಕೋಕಾ 2000ದ್ದು. ಪಲೆರ್ಮೊದಲ್ಲಿ ಸಹಿಯಾದ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2011ರಲ್ಲಿ ಸ್ಥಿರೀಕರಿಸಿತು. ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್‌ಗಳ ಜೊತೆ ನಾವಿರುವ ಬಿಮ್‌ಸ್ಟೆಕ್ ಕೂಟ ಇದೇ ವಿಷಯದ ಒಪ್ಪಂದಕ್ಕೆ 2009ರಲ್ಲಿ ಸಹಿ ಹಾಕಿತು. ಅದು ಜಾರಿಗೆ ಬಂದದ್ದು 2021ರಲ್ಲಿ. ಹನ್ನೊಂದು ವರ್ಷ ದಾಟಿತು! ಅದೇ ಕೂಟದ ಪರಸ್ಪರ ಕಾನೂನು ನೆರವಿನ ಒಪ್ಪಂದಕ್ಕೆ 2022ರಲ್ಲಿ ಕೊಲಂಬೊದಲ್ಲಿ ಸಹಿ ಬಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಜಾರಿಯಲ್ಲಿದೆ.

ನನ್ನ ತಕರಾರು ಇಲ್ಲಿಂದ. 111ರ ವಿವರಣೆಯ ಪ್ರಕಾರ, ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ‘ಸಕ್ಷಮ ನ್ಯಾಯಾಲಯ’ಕ್ಕೆ ಸಲ್ಲಿಕೆಯಾಗಿ, ಆ ನ್ಯಾಯಾಲಯ ಅವನ್ನು ವಿಚಾರಣೆಗೆ ಅಂಗೀಕರಿಸಿದ್ದರೆ ಮಾತ್ರ ‘ಮುಂದುವರಿದ ಕಾನೂನುಬಾಹಿರ ಚಟುವಟಿಕೆ’. ಯಾವ ನ್ಯಾಯಾಲಯ ಸಕ್ಷಮ? ಮೋಕಾದಲ್ಲೂ ಇದೇ ಪದವಿದೆ. ದೆಹಲಿಗೆ ಅನ್ವಯವಾಗುವ ಮೋಕಾದ ಬಗ್ಗೆ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಗಂಟು ಬಿಡಿಸಿತು: ದೆಹಲಿಯ ಹೊರಗಿನ ನ್ಯಾಯಾಲಯಗಳಲ್ಲಿ ಸಲ್ಲಿಸಿದ ಆರೋಪಪಟ್ಟಿಗಳೂ ಲೆಕ್ಕಕ್ಕೆ ಬರುತ್ತವೆ. ರಾಜ್ಯದ ಗಡಿ ಅಲ್ಲಿಗೆ ಕರಗಿತು. ದೇಶದ ಗಡಿ? ಢಾಕಾದಲ್ಲೊಮ್ಮೆ, ಬ್ಯಾಂಕಾಕ್‌ನಲ್ಲೊಮ್ಮೆ ಶಿಕ್ಷೆಯಾದ ಗುಂಪೊಂದು ಬೆಂಗಳೂರಿನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ, ಈ ವಿವರಣೆಯ ಕಣ್ಣಿಗೆ ಅದು ಇನ್ನೂ ಹೆಸರಿಲ್ಲದ ಗುಂಪು.

ಕೆಲವು ಕಿರಿಯ ಮಿತ್ರರು, ‘ಸಕ್ಷಮ’ ಎಂಬ ಪದವನ್ನೇ ಹಿಗ್ಗಿಸಿ ಓದಿದರಾಯಿತು ಎನ್ನುತ್ತಾರೆ. ಇದು ಜಾಣತನವಲ್ಲ, ಅಪಾಯ. ಶಿಕ್ಷೆ ವಿಧಿಸುವ ಕಾನೂನನ್ನು ಆರೋಪಿಯ ವಿರುದ್ಧ ಎಳೆದು ಓದುವಂತಿಲ್ಲ ಎಂದು ಇವರಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ಇನ್ನೊಂದು ಪಕ್ಷ, ಒಪ್ಪಂದಗಳಿವೆಯಲ್ಲ, ಸಾಕು ಎನ್ನುತ್ತದೆ. ಒಪ್ಪಂದ ಕಾಗದವನ್ನು ಗಡಿ ದಾಟಿಸುತ್ತದೆ. ಬಂದ ಕಾಗದವನ್ನು ಎಲ್ಲಿಡಬೇಕೆಂದು ಹೇಳಬೇಕಾದದ್ದು ನಮ್ಮ ಕಾನೂನು. ಪಲೆರ್ಮೊ ಒಪ್ಪಂದದ 22ನೇ ವಿಧಿ ಹೊರದೇಶದ ಹಿಂದಿನ ಶಿಕ್ಷೆಯನ್ನು ಪರಿಗಣಿಸಬಹುದು ಎನ್ನುತ್ತದೆ. ಪರಿಗಣಿಸಲೇಬೇಕು ಎಂದಿಲ್ಲ. ಆ ‘ಬಹುದು’ವನ್ನು ನಾವು 111ರಲ್ಲಿ ಬಳಸಿಕೊಂಡಿಲ್ಲ.

ಮೂರನೆಯ ಆಕ್ಷೇಪಕ್ಕೆ ಮಾತ್ರ ತೂಕವಿದೆ. ನೆರೆಯ ದೇಶದಲ್ಲಿ ರಾಜಕೀಯ ದ್ವೇಷಕ್ಕೆ ಹೆಣೆದ ಆರೋಪಪಟ್ಟಿಯನ್ನು ನಾವೇಕೆ ನಂಬಬೇಕು? ನಂಬಬಾರದು. ಅದಕ್ಕೇ ನನ್ನ ಸೂಚನೆ ಆರೋಪಪಟ್ಟಿಯ ಬಗ್ಗೆ ಅಲ್ಲ, ಅಂತಿಮ ತೀರ್ಪಿನ ಬಗ್ಗೆ. ಅದೂ ನಮ್ಮಲ್ಲಿಯೂ ಅಪರಾಧವಾಗಿರುವ ಕೃತ್ಯಕ್ಕೆ, ವಕೀಲರ ನೆರವಿನೊಂದಿಗೆ ನಡೆದ ವಿಚಾರಣೆಯ ತೀರ್ಪು.

ಇದು ಹೊಸದೇನಲ್ಲ ಎಂಬುದೇ ನಾನು ಕಂಡುಕೊಂಡದ್ದು. 1985ರ ಮಾದಕ ವಸ್ತುಗಳ ಕಾಯ್ದೆಯ 31ನೇ ಕಲಂ ತೆಗೆಯಿರಿ. ಎರಡನೇ ಸಲ ತಪ್ಪು ಮಾಡಿದವನಿಗೆ ಹೆಚ್ಚು ಶಿಕ್ಷೆ ಕೊಡುವಾಗ, ಭಾರತದ ಹೊರಗಿನ ಸಕ್ಷಮ ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಭಾರತದ ನ್ಯಾಯಾಲಯವೇ ಕೊಟ್ಟಂತೆ ನೋಡಬೇಕೆಂದು ಅದರ ಮೂರನೇ ಉಪಕಲಂ ಹೇಳುತ್ತದೆ. ಅಲ್ಲಿ ಹಿಂದಿನ ತೀರ್ಪು ಶಿಕ್ಷೆಯನ್ನಷ್ಟೇ ಏರಿಸುತ್ತದೆ, 111ರಲ್ಲಿ ಹಿಂದಿನ ಪ್ರಕರಣ ಅಪರಾಧದ ಅಂಗವೇ ಆಗುತ್ತದೆ, ಎರಡೂ ಒಂದಲ್ಲ ಎಂದು ಸಭೆಯಲ್ಲಿ ಯಾರಾದರೂ ಏಳುವ ಮೊದಲೇ ಒಪ್ಪಿಕೊಳ್ಳುತ್ತೇನೆ. ತೀರ್ಪಿಗಿಂತ ಕಡಿಮೆ ಯಾವುದೂ ಬೇಡ ಎಂದದ್ದು ಈ ವ್ಯತ್ಯಾಸಕ್ಕಾಗಿಯೇ.

ತೀರ್ಪಿನಿಂದ ಇನ್ನೊಂದು ಅನುಕೂಲವಿದೆ. ಸರ್ಕಾರಿ ಅಭಿಯೋಜಕನಾಗಿದ್ದಾಗ ನಮ್ಮ ನ್ಯಾಯಾಲಯದ ಕೋರಿಕೆ ಪತ್ರವೊಂದು ಸಮುದ್ರದಾಚೆಗೆ ಹೋಯಿತು, ಜೊತೆಗೆ ಪಂಚನಾಮೆಯ ಅನುವಾದ. ಅನುವಾದಕರು ಪಂಚರನ್ನು ‘ಐವರು’ ಮಾಡಿಬಿಟ್ಟಿದ್ದರು. ತಿಂಗಳುಗಟ್ಟಲೆ ಕಾದ ಮೇಲೆ ಬಂದದ್ದು ಒಂದೇ ಪ್ರಶ್ನೆ: ಐವರೆಂದು ಬರೆದು ಇಬ್ಬರ ಸಹಿ ಕಳಿಸಿದ್ದೀರಿ, ಉಳಿದ ಮೂವರು ಎಲ್ಲಿ? ಉತ್ತರ ಕಳಿಸುವಷ್ಟರಲ್ಲಿ ಆರೋಪಿ ಜಾಮೀನಿನ ಮೇಲೆ ಹೊರಗಿದ್ದ. ಆರೋಪಪಟ್ಟಿಯನ್ನು ತರಿಸಿಕೊಂಡರೆ ಇಂಥ ಕಾಗದದ ಹೊರೆಯೇ ಬರುತ್ತದೆ. ತೀರ್ಪಿಗೆ ಒಂದು ದೃಢೀಕೃತ ಪ್ರತಿ ಸಾಕು.

ನಮ್ಮ ಹಿರಿಯರು ಇದ್ದಿದ್ದರೆ, “ಹಾಗಾದರೆ ಆ ವಾಕ್ಯ ಬರೆದು ತಾ” ಎನ್ನುತ್ತಿದ್ದರು. ಬರೆಯುವುದೇನಿಲ್ಲ ಸ್ವಾಮಿ, 31ರಲ್ಲಿ ಈಗಾಗಲೇ ಇದೆ. ಅದನ್ನು ತಕ್ಕಂತೆ ತಿದ್ದಿ 111ರ ವಿವರಣೆಗೆ ಸೇರಿಸಲು ನಮ್ಮ ಸಂಸತ್ತಿಗೆ ಯಾವ ನೆರೆದೇಶದ ಸಹಿಯೂ ಬೇಕಾಗಿಲ್ಲ.